ಹೆಸರಿಲ್ಲದ ದೂರು: ‘ಲವಿಂಗ್’ ಚಲನಚಿತ್ರದ ಒಂದು ದೇವಶಾಸ್ತ್ರೀಯ ವಿಮರ್ಶೆ

1958ರ ಜುಲೈ ತಿಂಗಳ ಒಂದು ನಡುರಾತ್ರಿ ಅಮೆರಿಕದ ವರ್ಜೀನಿಯಾ ರಾಜ್ಯದ ಕ್ಯಾರೊಲೈನ್ ಕೌಂಟಿಯಲ್ಲಿ, ಸೆಂಟ್ರಲ್ ಪಾಯಿಂಟ್ ಎಂಬ ಸಣ್ಣ ಊರಿನ ಮನೆಯೊಂದಕ್ಕೆ ಶೆರಿಫನು ತನ್ನ ಸಹಾಯಕರೊಡನೆ ನುಗ್ಗಿ, ಮಲಗಿದ್ದ ಯುವ ದಂಪತಿಗಳನ್ನು ಎಬ್ಬಿಸಿ ಸೆರೆಹಿಡಿದನು. ಗಂಡ ರಿಚರ್ಡ್ ಲವಿಂಗ್ ಬಿಳಿಯ ಜನಾಂಗದವನು. ಹೆಂಡತಿ ಮಿಲ್ಡ್ರೆಡ್ ಆಫ್ರಿಕನ್ ಮತ್ತು ಅಮೆರಿಕದ ಮೂಲನಿವಾಸಿ ರಕ್ತಸಂಬಂಧವುಳ್ಳವಳು. ಅವರ ಅಪರಾಧವೆಂದರೆ ಅವರು ಮದುವೆಯಾಗಿದ್ದುದು. ಶೆರಿಫನಿಗೆ ಆ ಸುದ್ದಿಯನ್ನು ಮುಟ್ಟಿಸಿದವರು ತಮ್ಮ ಹೆಸರನ್ನು ಹೇಳಿರಲಿಲ್ಲ. ಜೆಫ್ ನಿಕೋಲ್ಸ್ ನಿರ್ದೇಶಿಸಿ 2016ರಲ್ಲಿ ಕಾನ್ ಉತ್ಸವದಲ್ಲಿ ಮೊದಲು ಪ್ರದರ್ಶಿತವಾದ ‘ಲವಿಂಗ್’ ಚಲನಚಿತ್ರವು ಈ ದಂಪತಿಗಳ ಕಥೆ. ಅದನ್ನು ನಾಗರಿಕ ಹಕ್ಕುಗಳ ಇತಿಹಾಸದ ಒಂದು ಅಧ್ಯಾಯವೆಂದು ನೋಡುವುದು ವಾಡಿಕೆ. ಈ ಲೇಖನವು ಅದನ್ನು ಸಭೆಯ ಕಡೆಯಿಂದ ನೋಡುತ್ತದೆ. ಬಹಿರಂಗವಾಗಿ ಮಾತನಾಡುವ ವರ್ಣಭೇದವನ್ನು ನ್ಯಾಯಾಲಯವು ಸೋಲಿಸಬಲ್ಲದು. ಹೆಸರಿಲ್ಲದೆ ದೂರು ಕೊಡುವ ವರ್ಣಭೇದಕ್ಕೆ ಉತ್ತರಿಸುವ ಹೊಣೆ ಸಭೆಯದೇ ಎಂಬುದು ಇಲ್ಲಿಯ ವಾದ.

1. ಕಥೆ ಮತ್ತು ಅದರ ನಿರೂಪಣೆ

ಇತಿಹಾಸದ ಸಂಗತಿಗಳನ್ನು ಮೊದಲು ಸಂಕ್ಷೇಪವಾಗಿ ಸ್ಮರಿಸಿಕೊಳ್ಳಬಹುದು. ವರ್ಜೀನಿಯಾದಲ್ಲಿ 1924ರ ಜನಾಂಗ ಶುದ್ಧತೆಯ ಕಾಯಿದೆಯು ಜಾರಿಯಲ್ಲಿದ್ದುದರಿಂದ ರಿಚರ್ಡ್ ಮತ್ತು ಮಿಲ್ಡ್ರೆಡ್ 1958ರ ಜೂನ್ 2ರಂದು ವಾಷಿಂಗ್ಟನ್ ನಗರಕ್ಕೆ ಹೋಗಿ ಮದುವೆಯಾದರು. ಆಗ ಅವನಿಗೆ 24 ವರ್ಷ, ಅವಳಿಗೆ 18. ಬಂಧನದ ನಂತರ, 1959ರ ಜನವರಿಯಲ್ಲಿ, ಅವರಿಬ್ಬರಿಗೂ ಒಂದು ವರ್ಷದ ಸೆರೆವಾಸವನ್ನು ವಿಧಿಸಲಾಯಿತು. 25 ವರ್ಷಗಳ ಕಾಲ ಇಬ್ಬರೂ ಜೊತೆಯಾಗಿ ರಾಜ್ಯಕ್ಕೆ ಕಾಲಿಡಬಾರದೆಂಬ ಷರತ್ತಿನ ಮೇಲೆ ಆ ಶಿಕ್ಷೆಯನ್ನು ಅಮಾನತಿನಲ್ಲಿಡಲಾಯಿತು. ನಗರದ ವಾಸವನ್ನು ತಾಳಲಾರದೆ ಮಿಲ್ಡ್ರೆಡ್ 1963ರಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನೆಡಿಗೆ ಪತ್ರ ಬರೆದಳು. ಆ ಪತ್ರದಿಂದ ಆರಂಭವಾದ ವ್ಯಾಜ್ಯವು 1967ರ ಜೂನ್ 12ರಂದು ಮುಗಿಯಿತು. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಬರೆದ ಸರ್ವಾನುಮತದ ತೀರ್ಪು, ಆಗ ಇಂಥ ಕಾನೂನನ್ನು ಉಳಿಸಿಕೊಂಡಿದ್ದ 16 ರಾಜ್ಯಗಳಲ್ಲಿಯೂ ಅದನ್ನು ನಿರರ್ಥಕಗೊಳಿಸಿತು.

ಇಂಥ ಕಥಾವಸ್ತು ದೊರೆತ ನಿರ್ದೇಶಕನು ನ್ಯಾಯಾಲಯದ ವಾದವಿವಾದಗಳನ್ನೇ ಚಿತ್ರದ ಶಿಖರವಾಗಿಸುವುದು ಸಹಜ. ನಿಕೋಲ್ಸ್ ಹಾಗೆ ಮಾಡಲಿಲ್ಲ. ಸುಪ್ರೀಂ ಕೋರ್ಟಿನ ದೃಶ್ಯಕ್ಕೆ ಅವನು ಕೊಡುವ ಕಾಲ ತೀರ ಸ್ವಲ್ಪ. ಅಡಿಗೆಮನೆಗೆ, ಹೊಲಕ್ಕೆ, ಗಾರೆಯ ಕೆಲಸಕ್ಕೆ ಕೊಡುವ ಕಾಲ ಬಹಳ. ಜೋಯೆಲ್ ಎಡ್ಜರ್ಟನ್ ಅಭಿನಯಿಸಿರುವ ರಿಚರ್ಡ್ ಮಿತಭಾಷಿಯಾದ ಗಾರೆಯವನು; ತಲೆ ತಗ್ಗಿಸಿಕೊಂಡೇ ನಡೆಯುವವನು. ರೂತ್ ನೆಗ್ಗಾಳ ಮಿಲ್ಡ್ರೆಡ್ ಮೃದುಮಾತಿನವಳಾದರೂ ನಿರ್ಣಯಗಳು ಅವಳವು. ಪತ್ರ ಬರೆಯುವವಳೂ ವಕೀಲರೊಡನೆ ಮಾತನಾಡುವವಳೂ ಅವಳೇ. ತಮ್ಮ ಪ್ರಕರಣವು ಅತ್ಯುನ್ನತ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದಾಗಲೂ ಇವರು ಅಲ್ಲಿಗೆ ಹೋಗಲಿಲ್ಲ. ತಾನು ತನ್ನ ಹೆಂಡತಿಯನ್ನು ಪ್ರೀತಿಸುತ್ತೇನೆಂದು ನ್ಯಾಯಾಧೀಶರಿಗೆ ತಿಳಿಸಿರಿ ಎಂಬುದಷ್ಟೇ ರಿಚರ್ಡ್ ವಕೀಲರ ಕೈಯಲ್ಲಿ ಕಳುಹಿಸಿದ ಸಂದೇಶ. ಈ ಪ್ರೀತಿಗೆ ಘೋಷಣೆಯಾಗುವ ಆಸೆಯಿರಲಿಲ್ಲ. ಅದು ಬಯಸಿದ್ದು ಒಂದು ಎಕರೆ ನೆಲ, ಒಂದು ಮನೆ, ನೆಂಟರ ಹತ್ತಿರದ ವಾಸ. ಚಿತ್ರದ ನಿಧಾನಗತಿಯು ಕೆಲವರಿಗೆ ಬೇಸರ ತಂದಿರಬಹುದು. ಆದರೆ ಕಾನೂನು ಕಸಿದುಕೊಂಡದ್ದು ಎಷ್ಟು ಸಾಧಾರಣವಾದ ವಸ್ತುವೆಂಬುದನ್ನು ತೋರಿಸಲು ಆ ನಿಧಾನವೇ ಬೇಕಾಗಿತ್ತು.

2. ನ್ಯಾಯಾಧೀಶನ ಸೃಷ್ಟಿಸಿದ್ಧಾಂತ

ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಪ್ರಕರಣದ ಅತ್ಯಂತ ಕಳವಳಕಾರಿಯಾದ ದಾಖಲೆಯೆಂದರೆ 1965ರ ಜನವರಿಯಲ್ಲಿ ಸ್ಥಳೀಯ ನ್ಯಾಯಾಧೀಶ ಲಿಯಾನ್ ಬಝೀಲ್ ಬರೆದ ಅಭಿಪ್ರಾಯ. ಶಿಕ್ಷೆಯನ್ನು ರದ್ದುಮಾಡಲು ನಿರಾಕರಿಸುತ್ತ ಅವನು ಕಾನೂನಿನ ಆಧಾರಗಳೊಂದಿಗೆ ಸೃಷ್ಟಿಕರ್ತನನ್ನೂ ಸಾಕ್ಷಿಗೆ ಕರೆದನು. ಸರ್ವಶಕ್ತನಾದ ದೇವರು ಬಿಳಿ, ಕಪ್ಪು, ಹಳದಿ, ಮಲಯ, ಕೆಂಪು ಎಂಬ ಜನಾಂಗಗಳನ್ನು ಸೃಷ್ಟಿಸಿ ಬೇರೆ ಬೇರೆ ಖಂಡಗಳಲ್ಲಿ ಇರಿಸಿದನು. ಈ ಏರ್ಪಾಡಿನಲ್ಲಿ ಯಾರೂ ಕೈಹಾಕದಿದ್ದರೆ ಇಂಥ ಮದುವೆಗಳಿಗೆ ಕಾರಣವೇ ಇರುತ್ತಿರಲಿಲ್ಲ. ಬೇರ್ಪಡಿಸಿದ್ದರಿಂದಲೇ ಅವು ಬೆರೆಯುವುದು ದೈವಸಂಕಲ್ಪವಲ್ಲವೆಂದು ತಿಳಿಯುತ್ತದೆ. ಇದು ಅವನ ವಾದದ ಸಾರಾಂಶ.

ಈ ವಾದವನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ಆದರೆ ಅದು ಸತ್ಯವೇದದ ಭಾಷೆಯನ್ನು ಧರಿಸಿ ಬಂದಿರುವುದರಿಂದ ಅದನ್ನು ಬಿಡಿಸಿ ನೋಡುವುದು ನಮ್ಮ ಕರ್ತವ್ಯ. ಮೊದಲನೆಯದಾಗಿ, ಆ ಐದು ಜನಾಂಗಗಳ ಪಟ್ಟಿ ಆದಿಕಾಂಡದಲ್ಲಿ ಇಲ್ಲ. ಅದು ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದ ವಿದ್ವಾಂಸ ಬ್ಲೂಮೆನ್‌ಬಾಖ್ 18ನೆಯ ಶತಮಾನದ ಕೊನೆಯಲ್ಲಿ ಮಾಡಿದ ವರ್ಗೀಕರಣ. ಮಲಯ ಎಂಬ ಪದವೇ ಅದರ ಗುರುತು. ಅಂದರೆ ಮನುಷ್ಯನು ರಚಿಸಿದ ಕೋಷ್ಟಕವನ್ನು ನ್ಯಾಯಾಧೀಶನು ಸೃಷ್ಟಿಯ ಆರು ದಿನಗಳೊಳಗೆ ಸೇರಿಸಿದನು.

ಎರಡನೆಯದಾಗಿ, ಆ ಏರ್ಪಾಡಿನಲ್ಲಿ ಕೈಹಾಕಿದವರು ಯಾರೆಂದು ಅವನು ಕೇಳಲೇ ಇಲ್ಲ. ಆಫ್ರಿಕದಿಂದ ಸೆರೆಯಾಳುಗಳನ್ನು ತಂದ ಹಡಗು ವರ್ಜೀನಿಯಾದ ದಡಕ್ಕೆ 1619ರಲ್ಲಿಯೇ ಬಂದಿತ್ತು. ಖಂಡಗಳೇ ದೇವರ ಗಡಿಗಳಾಗಿದ್ದರೆ ಆ ನ್ಯಾಯಾಲಯದ ಕಟ್ಟಡವೂ ಪರರ ಖಂಡದಲ್ಲಿಯೇ ನಿಂತಿತ್ತು. ಬೇರ್ಪಾಡಿನ ದೈವನಿಯಮವು ದುಡಿಮೆಗಾಗಿ ತಂದಾಗ ಅಡ್ಡಬರದೆ, ಮದುವೆಯಾದಾಗ ಮಾತ್ರ ಅಡ್ಡಬಂದಿತು.

ಮೂರನೆಯದಾಗಿ, ದೇವರು ಐದು ಜನಾಂಗಗಳನ್ನು ಬೇರ್ಪಡಿಸಿದನೆಂದು ತೀರ್ಪು ಹೇಳಿದರೂ ಕಾನೂನು ಕಾಪಾಡಿದ್ದು ಒಂದನ್ನು ಮಾತ್ರ. ಬಿಳಿಯರಲ್ಲದ ಬೇರೆ ಬೇರೆ ಜನಾಂಗದವರು ತಮ್ಮತಮ್ಮೊಳಗೆ ಮದುವೆಯಾಗುವುದಕ್ಕೆ ವರ್ಜೀನಿಯಾದಲ್ಲಿ ಅಡ್ಡಿಯಿರಲಿಲ್ಲ. ವಾರೆನ್ ತಮ್ಮ ತೀರ್ಪಿನಲ್ಲಿ ಇದನ್ನು ಎತ್ತಿ ತೋರಿಸಿ, ಕಾನೂನಿನ ಉದ್ದೇಶವು ಬಿಳಿಯರ ಮೇಲ್ಮೆಯನ್ನು ಉಳಿಸುವುದೇ ಎಂದು ನಿರ್ಣಯಿಸಿದರು. 1924ರ ಕಾಯಿದೆಯಲ್ಲಿಯೇ ಇನ್ನೊಂದು ವಿನಾಯಿತಿಯಿತ್ತು. ಹದಿನಾರನೆಯ ಒಂದು ಪಾಲನ್ನು ಮೀರದಷ್ಟು ಮೂಲನಿವಾಸಿ ರಕ್ತವಿದ್ದು ಉಳಿದದ್ದೆಲ್ಲ ಬಿಳಿಯರದಾಗಿದ್ದರೆ ಅಂಥವರನ್ನು ಬಿಳಿಯರೆಂದೇ ಎಣಿಸಬಹುದಾಗಿತ್ತು. 1614ರಲ್ಲಿ ಜಾನ್ ರಾಲ್ಫ್‌ನನ್ನು ಮದುವೆಯಾದ ಪೋಕಾಹೊಂಟಸಳ ವಂಶಸ್ಥರೆಂದು ಹೆಮ್ಮೆಪಡುತ್ತಿದ್ದ ಕುಲೀನ ಮನೆತನಗಳಿಗಾಗಿ ಮಾಡಿದ ಅನುಕೂಲವದು.

ಕಾನೂನಿನ ಪರ ನಿಂತ ಬೋಧಕರು ಅಪೊಸ್ತಲರ ಕೃತ್ಯಗಳು 17:26ರ ಉತ್ತರಾರ್ಧವನ್ನು, ಅಂದರೆ ದೇವರು ಜನಾಂಗಗಳ ವಾಸಸ್ಥಳದ ಎಲ್ಲೆಗಳನ್ನು ನಿಷ್ಕರ್ಷಿಸಿದನೆಂಬ ಭಾಗವನ್ನು, ಹಿಡಿದುಕೊಳ್ಳುತ್ತಿದ್ದರು. ಒಬ್ಬನಿಂದಲೇ ಸಕಲ ಜನಾಂಗಗಳೂ ಹುಟ್ಟಿದವೆಂಬ ಪೂರ್ವಾರ್ಧವನ್ನೂ, ಅವರು ದೇವರನ್ನು ಹುಡುಕಬೇಕೆಂಬುದೇ ಇದರ ಉದ್ದೇಶವೆಂದು ಸಾರುವ ಮುಂದಿನ ವಚನವನ್ನೂ ಬಿಟ್ಟುಬಿಡುತ್ತಿದ್ದರು. ಇರುವುದನ್ನೇ ಇರಬೇಕಾದದ್ದೆಂದು ಸಾರುವ ಈ ಕ್ರಮವನ್ನು ಗುರುತಿಸಲು ಕಲಿಯುವುದು ವ್ಯಾಖ್ಯಾನಶಾಸ್ತ್ರದ ಮೊದಲ ಪಾಠಗಳಲ್ಲೊಂದು.

3. ಪ್ರೀತಿಸುವವರ ಭೇದಭಾವ

ಬಝೀಲನ ವಾದಕ್ಕೆ ಉತ್ತರ ಕೊಡಬಹುದು. ಏಕೆಂದರೆ ಅವನು ಅದನ್ನು ಸಹಿಮಾಡಿ ಬರೆದಿದ್ದಾನೆ. ನಿಕೋಲ್ಸ್‌ನ ಆಸಕ್ತಿಯಿರುವುದು ಸಹಿಮಾಡದವರಲ್ಲಿ. ಸೆಂಟ್ರಲ್ ಪಾಯಿಂಟ್ ದ್ವೇಷದ ಊರಲ್ಲ. ಚಿತ್ರದ ಆರಂಭದಲ್ಲಿ ಬಿಳಿಯರೂ ಕರಿಯರೂ ಒಟ್ಟಾಗಿ ಕಾರುಗಳನ್ನು ಓಡಿಸುತ್ತಾರೆ, ಕುಡಿಯುತ್ತಾರೆ, ಕುಣಿಯುತ್ತಾರೆ. ರಿಚರ್ಡನ ತಾಯಿ ಸೂಲಗಿತ್ತಿ. ಕಪ್ಪುಜನಾಂಗದ ಮನೆಗಳ ಮಕ್ಕಳನ್ನೂ ಕೈಯಲ್ಲಿ ಎತ್ತಿಕೊಂಡವಳು. ಇಷ್ಟು ಬಳಕೆಯಿದ್ದ ಕಡೆಯಲ್ಲಿ ವರ್ಣಭೇದಕ್ಕೆ ಎಡೆಯೆಲ್ಲಿ ಎಂದು ನೋಡುವವನಿಗೆ ಅನಿಸುತ್ತದೆ. ಆ ಬಳಕೆಯೇ ಅದಕ್ಕೆ ಮರೆಯಾಗಿತ್ತು. ಒಟ್ಟಿಗೆ ದುಡಿಯಬಹುದು, ನಗಬಹುದು, ಕತ್ತಲಲ್ಲಿ ಪ್ರೀತಿಸಲೂಬಹುದು. ರಿಚರ್ಡ್ ಆ ಗೆರೆಯನ್ನು ದಾಟಿದ್ದು ಮಿಲ್ಡ್ರೆಡಳನ್ನು ಪ್ರೀತಿಸಿದಾಗಲಲ್ಲ, ವಿವಾಹದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದಾಗ. ಬಂಧಿಸಲು ಬಂದ ಶೆರಿಫನಿಗೆ ಅವನು ಆ ಪತ್ರವನ್ನೇ ತೋರಿಸುತ್ತಾನೆ. ಇಲ್ಲಿ ಅದು ನಡೆಯದೆಂಬ ಉತ್ತರ ಬರುತ್ತದೆ.

ಚಿತ್ರದ ಅತ್ಯಂತ ತೀಕ್ಷ್ಣವಾದ ಕ್ಷಣವು ತಾಯಿಮಗನ ನಡುವಿನ ಒಂದು ಸಣ್ಣ ಸಂಭಾಷಣೆ. ಮದುವೆಯಾಗಬಾರದಿತ್ತೆಂದು ತಾಯಿ ಹೇಳಿದಾಗ, ನಿನಗೆ ಮಿಲ್ಡ್ರೆಡ್ ಇಷ್ಟವೆಂದುಕೊಂಡಿದ್ದೆ ಎಂದು ಮಗನು ಅಚ್ಚರಿಪಡುತ್ತಾನೆ. ಇಷ್ಟಪಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ನೀನು ತಿಳಿದವನಾಗಿದ್ದೆ ಎಂಬುದು ಅವಳ ಮಾತಿನ ತಾತ್ಪರ್ಯ. ಅವಳು ದುಷ್ಟೆಯಲ್ಲ; ಸೊಸೆಯ ಹೆರಿಗೆಯನ್ನು ತಾನೇ ಮಾಡಿಸುವವಳು. ಆದರೆ ಶೆರಿಫನ ಕಾನೂನು ಅವಳ ಮನಸ್ಸಿನಲ್ಲಿ ಲೋಕಜ್ಞಾನವಾಗಿ ನೆಲೆಸಿದೆ. ಗಲಾತ್ಯ 2ನೆಯ ಅಧ್ಯಾಯದಲ್ಲಿ ಪೇತ್ರನು ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ ಊಟಮಾಡುತ್ತಿದ್ದು, ಯಾಕೋಬನ ಕಡೆಯವರು ಬಂದೊಡನೆ ಹಿಂಜರಿದುದನ್ನು ನೆನೆಯಬಹುದು. ಪೇತ್ರನ ಸಿದ್ಧಾಂತದಲ್ಲಿ ದೋಷವಿರಲಿಲ್ಲ. ಕೊರ್ನೇಲ್ಯನ ಮನೆಗೆ ಹೋಗುವ ಮುನ್ನ ದರ್ಶನ ಕಂಡವನು ಅವನೇ. ಅವನನ್ನು ಹಿಂದೆಗೆಸಿದ್ದು ಭಯ. ಪೌಲನು ಅದನ್ನು ಮೃದುವಾದ ಹೆಸರಿನಿಂದ ಕರೆಯದೆ ಕಪಟವೆಂದೇ ಕರೆದು, ಎಲ್ಲರ ಮುಂದೆ ಅವನನ್ನು ಎದುರಿಸಿದನು.

ಮರೆಯಲ್ಲಿದ್ದುಕೊಂಡೇ ಕೆಲಸ ಮಾಡುವ ದ್ವೇಷಕ್ಕೆ ಚಿತ್ರವು ಒಂದು ವಸ್ತುರೂಪವನ್ನೂ ಕೊಡುತ್ತದೆ. ‘ಲೈಫ್’ ಪತ್ರಿಕೆಯು 1966ರಲ್ಲಿ ಗ್ರೇ ವಿಲ್ಲೆಟ್ ತೆಗೆದ ದಂಪತಿಗಳ ಛಾಯಾಚಿತ್ರಗಳನ್ನು ಪ್ರಕಟಿಸಿದ ಮೇಲೆ, ಆ ಪುಟದಲ್ಲಿ ಸುತ್ತಿದ ಇಟ್ಟಿಗೆಯೊಂದು ರಿಚರ್ಡನ ಕಾರಿನಲ್ಲಿ ಸಿಗುತ್ತದೆ. ಇಟ್ಟವರು ಯಾರೆಂದು ತಿಳಿಯದು. ದಿನವೆಲ್ಲ ಇಟ್ಟಿಗೆಯಿಂದ ಪರರ ಮನೆ ಕಟ್ಟುವವನಿಗೆ ಇಟ್ಟಿಗೆಯೇ ಬೆದರಿಕೆಯಾಗಿ ಬರುತ್ತದೆ. ದೂರುಕೊಟ್ಟವರ ಮುಖವನ್ನೂ ನಿರ್ದೇಶಕನು ತೋರಿಸುವುದಿಲ್ಲ. ಒಬ್ಬ ಖಳನನ್ನು ತೋರಿಸಿದ್ದರೆ ಊರಿನ ಉಳಿದವರೆಲ್ಲರೂ ನಿರಪರಾಧಿಗಳಾಗಿಬಿಡುತ್ತಿದ್ದರು.

4. ಮಿರ್ಯಾಮಳ ಪ್ರಶ್ನೆ

ಈ ಮರೆಯನ್ನು ಸತ್ಯವೇದವು ಬಲ್ಲದು. ಅರಣ್ಯಕಾಂಡ 12ನೆಯ ಅಧ್ಯಾಯದಲ್ಲಿ ಮೋಶೆಯು ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದ ಕಾರಣ ಮಿರ್ಯಾಮಳೂ ಆರೋನನೂ ಅವನಿಗೆ ವಿರೋಧವಾಗಿ ಮಾತನಾಡುತ್ತಾರೆ. ಆದರೆ ಅವರು ಬಾಯಿಬಿಟ್ಟು ಕೇಳುವ ಪ್ರಶ್ನೆಯಲ್ಲಿ ಆ ಸ್ತ್ರೀಯ ಮಾತೇ ಇಲ್ಲ. ದೇವರು ಮೋಶೆಯ ಮೂಲಕ ಮಾತ್ರವೇ ಮಾತನಾಡಿದನೋ, ನಮ್ಮ ಮೂಲಕವೂ ಮಾತನಾಡಲಿಲ್ಲವೋ ಎಂಬುದು ಅವರ ಪ್ರಶ್ನೆ. ನಿಜವಾದ ಅಸಮಾಧಾನವು ಪ್ರವಾದನೆಯ ಅಧಿಕಾರವೆಂಬ ಗಂಭೀರವಾದ ಚರ್ಚೆಯ ಹಿಂದೆ ಅಡಗಿದೆ. ಆಧುನಿಕ ಅರ್ಥದ ಜನಾಂಗಕಲ್ಪನೆಯು ಪ್ರಾಚೀನ ಇಸ್ರಾಯೇಲಿಗೆ ಇರಲಿಲ್ಲವೆಂಬುದೂ, ಆ ಸ್ತ್ರೀ ಚಿಪ್ಪೋರಳೋ ಬೇರೊಬ್ಬಳೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆಯೆಂಬುದೂ ನಿಜ. ಆದರೂ ಕೂಷ್ಯನ ಚರ್ಮದ ಬಣ್ಣವು ಗಾದೆಯಾಗುವಷ್ಟು ಪರಿಚಿತವಾಗಿತ್ತೆಂಬುದಕ್ಕೆ ಯೆರೆಮೀಯ 13:23 ಸಾಕ್ಷಿ.

ಕಥೆಯ ಮುಂದಿನ ಹೆಜ್ಜೆಗಳು ನಮ್ಮ ವಿಷಯಕ್ಕೆ ಮುಖ್ಯ. ಆ ಮಾತು ಯೆಹೋವನಿಗೆ ಕೇಳಿಸಿತು. ಆತನು ಆಡಿದವರನ್ನು ಗುಡಾರದ ಬಾಗಿಲಿಗೆ ಹೆಸರುಹಿಡಿದು ಕರೆದನು. ಮಿರ್ಯಾಮಳ ಚರ್ಮವು ಹಿಮದಂತೆ ಬಿಳುಪಾಯಿತು. ಕೂಷ್ ದೇಶದವಳನ್ನು ಕುರಿತು ಗುಣುಗುಟ್ಟಿದವಳಿಗೆ ಬಿಳುಪೇ ಶಿಕ್ಷೆಯಾಗಿ ಬಂದ ಈ ವ್ಯಂಗ್ಯವನ್ನು ವ್ಯಾಖ್ಯಾನಕಾರರು ಗಮನಿಸಿದ್ದಾರೆ. ಇದನ್ನು ಬೋಧಿಸುವವರು ಎಚ್ಚರದಿಂದಿರಬೇಕು. ತೊನ್ನಿನ ಕಾರಣದಿಂದ ಮದುವೆಗಳು ಮುರಿದುಬೀಳುವ ನಮ್ಮ ಸಮಾಜದಲ್ಲಿ ಚರ್ಮರೋಗವನ್ನು ದೇವರ ಶಾಪವೆಂದು ಸಾರುವ ಪ್ರಸಂಗವು ಒಂದು ಭೇದವನ್ನು ಖಂಡಿಸಿ ಮತ್ತೊಂದನ್ನು ಬಿತ್ತೀತು. ಆರೋನನು ಶಿಕ್ಷೆಯಿಲ್ಲದೆ ಪಾರಾದನೆಂಬುದನ್ನೂ, ಕೂಷ್ ದೇಶದ ಆ ಸ್ತ್ರೀ ಅಧ್ಯಾಯದ ಕೊನೆಯವರೆಗೂ ಹೆಸರಿಲ್ಲದೆ ಮಾತಿಲ್ಲದೆ ಉಳಿದಳೆಂಬುದನ್ನೂ ಮರೆಮಾಚಬಾರದು. ಮಿಲ್ಡ್ರೆಡ್ ಸ್ವತಃ ಲೇಖನಿ ಹಿಡಿದು ಬರೆದ ಪತ್ರದ ಮಹತ್ವವು ಈ ಮೌನದ ಎದುರಿನಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ.

5. ಚಿತ್ರದ ಕೊರತೆಗಳು

ಇಷ್ಟು ಮೆಚ್ಚಿಕೆಯ ನಂತರ ಎರಡು ಆಕ್ಷೇಪಗಳನ್ನು ಹೇಳಲೇಬೇಕು. ಮಿಲ್ಡ್ರೆಡಳ ಮೂಲನಿವಾಸಿ ಪರಂಪರೆಯು ಚಿತ್ರದಲ್ಲಿ ಹಿಂದೆ ಸರಿದಿದೆ. ಕಪ್ಪುಬಿಳುಪಿನ ಎರಡೇ ಪಾಲುಗಳಾಗಿ ಕಥೆಯನ್ನು ಹೇಳುವಾಗ, ಜನಾಂಗಗಳ ಕೋಷ್ಟಕವೇ ಸುಳ್ಳೆಂದು ಸಾರಬಲ್ಲ ಅವಳ ವಂಶಚರಿತ್ರೆ ಬಳಕೆಯಾಗದೆ ಉಳಿದಿದೆ.

ಎರಡನೆಯ ಆಕ್ಷೇಪ ಇನ್ನೂ ದೊಡ್ಡದು. ದೇವರ ಹೆಸರಿನಲ್ಲಿ ದಂಡಿಸಲಾದ ಈ ಮದುವೆಯ ಚಿತ್ರಣದಲ್ಲಿ ಸಭೆಗೆ ಹೇಳಿಕೊಳ್ಳುವಂಥ ಸ್ಥಾನವೇ ಇಲ್ಲ. ಶೆರಿಫನು ಗುಬ್ಬಿಯನ್ನು ಗುಬ್ಬಿಯಾಗಿಯೂ ರಾಬಿನ್ ಹಕ್ಕಿಯನ್ನು ರಾಬಿನ್ ಹಕ್ಕಿಯಾಗಿಯೂ ದೇವರೇ ಮಾಡಿದನೆಂದು ಉಪದೇಶಿಸುತ್ತಾನೆ. ಅದಕ್ಕೆ ಮರುಮಾತಾಡುವ ಒಬ್ಬ ಸಭಾಪಾಲಕನೂ ಕಾಣಿಸುವುದಿಲ್ಲ. ಇತಿಹಾಸದಲ್ಲಿ ಅಂಥ ಮರುಮಾತುಗಳಿದ್ದವು. 1948ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ‘ಪೆರೆಜ್’ ಪ್ರಕರಣದಲ್ಲಿ ಇಂಥ ಕಾನೂನನ್ನು ರದ್ದುಪಡಿಸಿದಾಗ, ಕ್ಯಾಥೊಲಿಕರಾದ ವಧೂವರರ ವಾದವು ಧಾರ್ಮಿಕ ಸ್ವಾತಂತ್ರ್ಯವನ್ನು ಆಧರಿಸಿತ್ತು: ತಮ್ಮ ಸಭೆಯು ನೀಡಲು ಸಿದ್ಧವಿರುವ ಸಂಸ್ಕಾರವನ್ನು ರಾಜ್ಯವು ತಡೆಯುವಂತಿಲ್ಲ. ಲವಿಂಗ್ ದಂಪತಿಗಳ ಪರವಾಗಿಯೂ ಕೆಲವು ಕ್ಯಾಥೊಲಿಕ್ ಬಿಷಪರು ನ್ಯಾಯಾಲಯಕ್ಕೆ ತಮ್ಮ ವಾದವನ್ನು ಸಲ್ಲಿಸಿದ್ದರು. ಆದರೆ ವಿರುದ್ಧವಾದ ಸಾಕ್ಷಿಯೂ ಅಷ್ಟೇ ಸತ್ಯ. ದಕ್ಷಿಣ ಕ್ಯಾರೊಲೈನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯವು, ದೈವಸಂಕಲ್ಪದ ಹೆಸರಿನಲ್ಲಿ, ಬೇರೆ ಬೇರೆ ಜನಾಂಗಗಳ ವಿದ್ಯಾರ್ಥಿಗಳು ಪರಸ್ಪರ ಪ್ರೇಮದ ಒಡನಾಟ ಹೊಂದುವುದನ್ನೇ ನಿಷೇಧಿಸಿತ್ತು. 1983ರಲ್ಲಿ ಸುಪ್ರೀಂ ಕೋರ್ಟು ಅದರ ತೆರಿಗೆ ವಿನಾಯಿತಿಯ ವಿರುದ್ಧ ತೀರ್ಪು ಕೊಟ್ಟ ಮೇಲೂ ಆ ನಿಯಮವನ್ನು 2000ದವರೆಗೆ ಬಿಡಲಿಲ್ಲ. ಸತ್ಯವೇದವನ್ನು ಕಲಿಸುವ ಸಂಸ್ಥೆಯೊಂದು ಯೌವನದ ಪ್ರೀತಿಯನ್ನು ಕಾವಲುಕಾಯುವ ಶೆರಿಫನಾಗಬಲ್ಲದೆಂಬುದು ದೇವಶಾಸ್ತ್ರದ ಎಲ್ಲ ವಿದ್ಯಾಲಯಗಳಿಗೂ ಎಚ್ಚರಿಕೆ.

ಅದೇ 2000ದಲ್ಲಿ ಅಲಬಾಮಾ ರಾಜ್ಯವು ತನ್ನ ಸಂವಿಧಾನದಲ್ಲಿ ಸತ್ತು ಉಳಿದಿದ್ದ ಇಂಥದೇ ನಿಷೇಧವನ್ನು ತೆಗೆದುಹಾಕಲು ಜನಮತ ಕೇಳಿತು. ನಿಷೇಧ ಬಿದ್ದುಹೋಯಿತು, ಆದರೆ ಮತಹಾಕಿದವರಲ್ಲಿ 100ಕ್ಕೆ ಸುಮಾರು 40 ಜನರು ಅದನ್ನು ಉಳಿಸಬೇಕೆಂದರು. ಬೀದಿಯಲ್ಲಿ ಹಾಗೆ ಹೇಳಲು ಅವರಲ್ಲಿ ಅನೇಕರು ಸಿದ್ಧರಿರಲಿಕ್ಕಿಲ್ಲ. ಗುಪ್ತಮತದಾನದಲ್ಲಿ ಹೇಳಿದರು.

6. ಸಭೆಯ ಮುಂದಿರುವ ಕೆಲಸ

ಈ ಚರ್ಚೆ ನಮಗೆ ದೂರದ್ದಲ್ಲ. ಜಾತಿಯೂ ಜನಾಂಗವೂ ಒಂದೇ ಅಲ್ಲ. ಅವುಗಳ ಚರಿತ್ರೆಗಳನ್ನು ಕಲಸಬಾರದು. ಆದರೆ ಎರಡೂ ತಮ್ಮ ಗಡಿಯನ್ನು ಕೊನೆಯದಾಗಿ ಕಾಯುವುದು ಮದುವೆಯ ಬಾಗಿಲಿನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜಾತಿಯನ್ನು ಸಭೆಯೊಳಗೆ ಒಪ್ಪಲಿಲ್ಲ. ಆದರೂ ಇಂದಿಗೂ ನಮ್ಮ ಕ್ರೈಸ್ತ ವಧೂವರರ ಜಾಹೀರಾತುಗಳಲ್ಲಿ ಪಂಗಡದ ಹೆಸರಿನ ಜೊತೆಗೆ ಮೂಲಜಾತಿಯ ಸೂಚನೆಯೂ ಮೈಬಣ್ಣದ ಅಪೇಕ್ಷೆಯೂ ಕಾಣಸಿಗುತ್ತವೆ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದವರು ಮಕ್ಕಳ ಸಂಬಂಧ ಹುಡುಕುವಾಗ ತಿಳಿದವರಾಗುತ್ತಾರೆ.

ಸಭೆಯ ಕೈಯಲ್ಲಿ ಇದಕ್ಕೆ ಒಂದು ಹಳೆಯ ಸಾಧನವಿದೆ: ಮೂರು ಭಾನುವಾರಗಳಂದು ಓದಲಾಗುವ ವಿವಾಹ ಪ್ರಕಟಣೆ. ನಾವು ಅದನ್ನು ಬರಿಯ ವಿಧಿಯಂತೆ ಓದಿ ಮುಗಿಸುತ್ತೇವೆ. ಅದರ ತಿರುಳು ಗಮನಾರ್ಹವಾದದ್ದು. ವಧೂವರರ ಹೆಸರುಗಳನ್ನು ಎಲ್ಲರ ಮುಂದೆ ಹೇಳಿ, ನ್ಯಾಯವಾದ ಅಡ್ಡಿಯುಳ್ಳವರು ತಿಳಿಸಬೇಕೆಂದು ಅದು ಕೇಳುತ್ತದೆ. ಆಕ್ಷೇಪಣೆಗೆ ಒಬ್ಬ ಮನುಷ್ಯನೂ ಒಂದು ಕಾರಣವೂ ಇರಬೇಕೆಂಬುದು ಅದರ ನಿಯಮ. ಜಾತಿ, ಬಣ್ಣ, ಮನೆತನದ ಮಾನ ಇವು ಆ ಕಾರಣಗಳ ಪಟ್ಟಿಯಲ್ಲಿಲ್ಲ. ಬಹಿರಂಗತೆಯು ತನ್ನಷ್ಟಕ್ಕೆ ರಕ್ಷಣೆಯಲ್ಲ ಎಂಬುದನ್ನೂ ಒಪ್ಪಬೇಕು. 1954ರ ವಿಶೇಷ ವಿವಾಹ ಕಾಯಿದೆಯ 30 ದಿನಗಳ ಪ್ರಕಟಿತ ಸೂಚನೆಯನ್ನು ಹಿಡಿದು, ಬೇರೆ ಜಾತಿ ಮತಗಳ ಜೋಡಿಗಳನ್ನು ಬೆದರಿಸುವವರು ನಮ್ಮ ದೇಶದಲ್ಲಿದ್ದಾರೆ. ಅಲ್ಲಿ ಹೆಸರು ಬಹಿರಂಗವಾಗುವುದು ಪ್ರೀತಿಸಿದವರದು, ಬೆದರಿಸುವವರದಲ್ಲ. ಆದಕಾರಣ ಪ್ರಕಟಣೆ ಓದುವ ಸಭಾಪಾಲಕನ ಕೆಲಸ ಓದುವುದರಲ್ಲಿ ಮುಗಿಯುವುದಿಲ್ಲ. ವಾರದ ನಡುವೆ ಮನೆಗೆ ಬಂದು, ಹೆಸರು ಹೇಳಬೇಡಿರೆಂದು ಕೋರಿ, ಹುಡುಗಿಯ ಮನೆತನದ ಬಗ್ಗೆ ಪಿಸುಮಾತಿನಲ್ಲಿ ಎಚ್ಚರಿಸುವ ಹಿರಿಯನನ್ನು ಅವನು ಬಲ್ಲನು. ಆ ಮಾತನ್ನು ಗುಟ್ಟಾಗಿ ಕೇಳಿ ಗುಟ್ಟಾಗಿಯೇ ಲೆಕ್ಕಕ್ಕೆ ತೆಗೆದುಕೊಂಡು, ಮದುವೆಯನ್ನು ಇನ್ನೊಂದು ವರ್ಷ ಮುಂದೂಡಿರೆಂದು ಯುವಕರಿಗೆ ಬುದ್ಧಿ ಹೇಳುವ ಸಭಾಪಾಲಕನು ಕ್ಯಾರೊಲೈನ್ ಕೌಂಟಿಯ ಶೆರಿಫನ ಕೆಲಸವನ್ನೇ ಸೌಮ್ಯವಾಗಿ ಮಾಡುತ್ತಾನೆ. ಹಿರಿಯನ ಮುಂದೆಯೇ, ನಿಮ್ಮ ಕಾರಣವೇನು, ಅದನ್ನು ಸಭೆಯ ಮುಂದೆ ಹೇಳಬಲ್ಲಿರೋ ಎಂದು ಕೇಳುವುದು ಅವನ ಕರ್ತವ್ಯ.

ಹಾಗೆ ಕೇಳುವುದು ಹಿರಿಯನನ್ನು ಹೊರಹಾಕುವುದಕ್ಕಲ್ಲ. ಮಿರ್ಯಾಮಳ ಕಥೆಯಲ್ಲಿ ಆರೋನನು ತಪ್ಪನ್ನು ಒಪ್ಪಿಕೊಂಡನು. ದೂಷಣೆಗೆ ಗುರಿಯಾದ ಮೋಶೆಯೇ ಅವಳ ಗುಣಕ್ಕಾಗಿ ಮೊರೆಯಿಟ್ಟನು. ಅವಳು ಏಳು ದಿನ ಪಾಳೆಯದ ಹೊರಗಿದ್ದಳು. ಮಾತನ್ನು ಬೆಳಕಿಗೆ ತರದೆ ಕ್ಷಮೆಯಿರಲಿಲ್ಲ. ಅವಳನ್ನು ಹಿಂದಕ್ಕೆ ಕರೆದುಕೊಳ್ಳದೆ ಪ್ರಯಾಣವೂ ಇರಲಿಲ್ಲ. ಅವಳನ್ನು ತಿರಿಗಿ ಸೇರಿಸಿಕೊಳ್ಳುವ ತನಕ ಜನರೆಲ್ಲರೂ ಹಚೇರೋತಿನಲ್ಲಿಯೇ ಇಳಿದುಕೊಂಡಿದ್ದರು.